ಇಲಿಯ ಪಿಟ್ಯೂಟರಿ ಛೇದನ: ಶಸ್ತ್ರಮಾರ್ಗ ಮತ್ತು ಫಲಿತಾಂಶದ ಅರ್ಥ

ಬೆಳೆದ ಇಲಿಯ ಪಿಟ್ಯೂಟರಿ ಗ್ರಂಥಿಯ ತೂಕ ಸುಮಾರು 10 ಮಿಲಿಗ್ರಾಂ. ತಲೆಬುರುಡೆಯ ತಳದ ಮೂಳೆಗೂ ಮಿದುಳಿನ ಭಾಗವಾದ ಹೈಪೊಥಲಮಸ್‌ಗೂ ನಡುವೆ ಅದು ಅಡಗಿರುತ್ತದೆ. ಅದನ್ನು ತೆಗೆದರೆ ಪ್ರಾಣಿ ಬದುಕುತ್ತದೆಯೇ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೊಡ್ಡ ವಿವಾದವಾಗಿತ್ತು. ಗ್ರಂಥಿ ಪೂರ್ತಿ ಹೋದರೆ ನಾಯಿ ಸಾಯುತ್ತದೆ ಎಂದು 1910ರಲ್ಲಿ ಹಾರ್ವೆ ಕುಶಿಂಗ್ ಮತ್ತು ಸಂಗಡಿಗರು ವಾದಿಸಿದರು. ಬಾಯಿಯ ಮೂಲಕ ಗ್ರಂಥಿಯನ್ನು ತಲುಪಿದ ಬರ್ನ್‌ಹಾರ್ಡ್ ಆಶ್ನರ್ ಅವರ ನಾಯಿಮರಿಗಳು ಬದುಕಿದವು, ಆದರೆ ಕುಬ್ಜವಾಗಿ ಉಳಿದವು. ಈ ಭಿನ್ನತೆಯ ಮೂಲ ಗ್ರಂಥಿಗಿಂತ ಹೆಚ್ಚಾಗಿ ಶಸ್ತ್ರ ಹಿಡಿದ ದಾರಿಯಲ್ಲಿತ್ತು ಎಂಬುದು ನನ್ನ ವಾದ. ಕುಶಿಂಗ್ ತಂಡದಂತೆ ಮೇಲಿನಿಂದ ಹೋಗುವವರು ಮಿದುಳನ್ನು ಎತ್ತಬೇಕು. ಆಗ ಹೈಪೊಥಲಮಸ್‌ಗೆ ಗಾಯವಾಗುವ ಸಂಭವ ಹೆಚ್ಚು.

ಅಮೆರಿಕದ ಅಂಗರಚನಾ ವಿಜ್ಞಾನಿ ಫಿಲಿಪ್ ಸ್ಮಿತ್ ಇಲಿಯಲ್ಲಿ ಕೆಳಗಿನ ದಾರಿ ಹಿಡಿದರು. ಅರಿವಳಿಕೆ ಕೊಟ್ಟ ಇಲಿಯನ್ನು ಅಂಗಾತ ಮಲಗಿಸಿ, ಕುತ್ತಿಗೆಯ ಮುಂಭಾಗ ಸೀಳಿ, ಶ್ವಾಸನಾಳವನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿದರೆ ತಲೆಬುರುಡೆಯ ತಳ ಕಾಣುತ್ತದೆ. ಅಲ್ಲಿನ ಎರಡು ಮೂಳೆಗಳು ಕೂಡುವ ಗೆರೆಯೇ ಗುರುತು. ಆ ಗುರುತಿನ ಬಳಿ ಸಣ್ಣ ರಂಧ್ರ ಕೊರೆದು, ಪೊರೆ ಬಿಡಿಸಿ, ತೆಳುವಾದ ಕೊಳವೆಯಿಂದ ಗ್ರಂಥಿಯನ್ನು ಹೀರಿ ತೆಗೆಯಬೇಕು. ರಕ್ತಸ್ರಾವ, ಶ್ವಾಸನಾಳದ ಮೇಲಿನ ಒತ್ತಡ ಇಲ್ಲಿನ ಮುಖ್ಯ ಅಪಾಯಗಳು. ಕಿವಿಯ ನಾಳದಿಂದ ಸೂಜಿ ತೂರಿಸುವ ವಿಧಾನ ಆಮೇಲೆ ಬಂತು. ಅದು ವೇಗದ್ದು, ಆದರೆ ಕಣ್ಣಿಗೆ ಕಾಣದೆ ಮಾಡುವಂಥದ್ದು.

ಸ್ಮಿತ್ ಅವರ 1927 ಮತ್ತು 1930ರ ಲೇಖನಗಳ ಮಹತ್ವ ಇರುವುದು ಗ್ರಂಥಿ ಹೋದದ್ದರ ಪರಿಣಾಮವನ್ನೂ ಹೈಪೊಥಲಮಸ್ ಗಾಯದ ಪರಿಣಾಮವನ್ನೂ ಬೇರ್ಪಡಿಸಿ ನೋಡಿದ್ದರಲ್ಲಿ. ಗ್ರಂಥಿಯನ್ನಷ್ಟೇ ಕಳೆದುಕೊಂಡ ಇಲಿಗಳ ಬೆಳವಣಿಗೆ ನಿಂತಿತು. ಥೈರಾಯ್ಡ್, ಅಡ್ರಿನಲ್ ಹೊರಪದರ, ಜನನಗ್ರಂಥಿಗಳು ಕುಗ್ಗಿದವು. ಬೊಜ್ಜು ಬಂದದ್ದು ಹೈಪೊಥಲಮಸ್‌ಗೆ ಗಾಯವಾದ ಇಲಿಗಳಿಗೆ. ತಾಜಾ ಪಿಟ್ಯೂಟರಿ ಅಂಗಾಂಶವನ್ನು ದಿನವೂ ನಾಟಿದಾಗ ಗ್ರಂಥಿಯ ಕೊರತೆಗಳು ಬಹುಮಟ್ಟಿಗೆ ನೀಗಿದವು, ಬೊಜ್ಜು ಮಾತ್ರ ಹಾಗೆಯೇ ಉಳಿಯಿತು. ಇದಕ್ಕಿಂತ ಸ್ಪಷ್ಟವಾದ ಪುರಾವೆ ಆ ಕಾಲದಲ್ಲಿ ಬೇರೆ ಇರಲಿಲ್ಲವೆಂದೇ ನಾನು ತಿಳಿದಿದ್ದೇನೆ.

ಆರೈಕೆಯೂ ಶರೀರಕ್ರಿಯೆಯನ್ನು ಅನುಸರಿಸುತ್ತದೆ. ಅಡ್ರಿನಲ್‌ಗಳೆರಡನ್ನೂ ತೆಗೆದ ಇಲಿಗೆ ಉಪ್ಪುನೀರು ಬೇಕೇ ಬೇಕು. ಪಿಟ್ಯೂಟರಿ ಹೋದ ಇಲಿಯಲ್ಲಿ, ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಅಡ್ರಿನಲ್ ಹಾರ್ಮೋನಾದ ಆಲ್ಡೊಸ್ಟಿರೋನ್ ಬಹುಪಾಲು ಉಳಿಯುವುದರಿಂದ ಉಪ್ಪಿನ ಅಗತ್ಯ ಅಷ್ಟಿಲ್ಲ. ಉಪವಾಸದಲ್ಲಿ ರಕ್ತದ ಸಕ್ಕರೆ ಕುಸಿಯುವುದರಿಂದ ಸಕ್ಕರೆ ನೀರು ಬೇಕು; ಬೆಚ್ಚನೆಯ ಗೂಡೂ ಬೇಕು.

ಗ್ರಂಥಿಯ ಚೂರು ಉಳಿದರೂ ಫಲಿತಾಂಶ ಕೆಡುತ್ತದೆ. ಆದ್ದರಿಂದ ಗ್ರಂಥಿಯಿದ್ದ ಕುಳಿಯನ್ನು ಕೊನೆಯಲ್ಲಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ವಿವರ, ಗ್ರಂಥಿಯನ್ನು ಮುಟ್ಟದೆ ಉಳಿದೆಲ್ಲ ಹಂತಗಳನ್ನು ನಡೆಸಿದ ಹೋಲಿಕೆಯ ಗುಂಪು, ಸತ್ತ ಪ್ರಾಣಿಗಳ ಲೆಕ್ಕ, ಈ ಮೂರೂ ಇಲ್ಲದ ವರದಿಯನ್ನು ನಮ್ಮ ಪತ್ರಿಕೆಗಳು ಒಪ್ಪಬಾರದು.