ರಜೌರಿಯ ದಾರಿ ತೆರೆದ ರಾಣೆ



ಶೌರ್ಯ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಬಂದೂಕು ಹಿಡಿದು ಮುನ್ನುಗ್ಗುವ ಯೋಧನ ಚಿತ್ರ. ಆದರೆ ಶತ್ರುವಿನ ಗುಂಡುಗಳು ಹಾರಿ ಬರುತ್ತಿರುವಾಗ ನೆಲಕ್ಕೆ ಬಾಗಿ, ಹೂತಿಟ್ಟ ನೆಲಬಾಂಬುಗಳನ್ನು ಒಂದೊಂದಾಗಿ ತೆಗೆಯುವವನ ಶೌರ್ಯ ಎಂಥದ್ದು? ನಮ್ಮ ನಾಡಿನಲ್ಲೇ ಹುಟ್ಟಿದ ಕಿರಿಯ ಅಧಿಕಾರಿಯೊಬ್ಬರ ನಾಲ್ಕು ದಿನಗಳ ಕಥೆಯಲ್ಲಿ ಇದಕ್ಕೆ ಉತ್ತರವಿದೆ.

ರಾಮ ರಾಘೋಬಾ ರಾಣೆ ಹುಟ್ಟಿದ್ದು 1918ರ ಜೂನ್ 26ರಂದು, ಅಂದಿನ ಧಾರವಾಡ ಜಿಲ್ಲೆಯ ಹಾವೇರಿಯಲ್ಲಿ. ಹಿರಿಯರ ಊರು ಕಾರವಾರದ ಬಳಿಯ ಚೆಂಡಿಯಾ. ತಂದೆ ಪೊಲೀಸ್ ಪೇದೆ. ಪದೇ ಪದೇ ವರ್ಗವಾಗುತ್ತಿದ್ದುದರಿಂದ ಹುಡುಗನ ಓದು ಒಂದೇ ಊರಿನಲ್ಲಿ ನೆಲೆ ನಿಲ್ಲಲಿಲ್ಲ. 1940ರಲ್ಲಿ ಬಾಂಬೆ ಎಂಜಿನಿಯರ್ಸ್ ದಳಕ್ಕೆ ಸಾಮಾನ್ಯ ಸೈನಿಕರಾಗಿ ಸೇರಿದ ರಾಣೆ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗವನ್ನು ಕಂಡರು. 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಅಧಿಕಾರಿಯಾಗಿ ನಾಲ್ಕು ತಿಂಗಳು ತುಂಬುವ ಮೊದಲೇ ಪರೀಕ್ಷೆಯ ಕಾಲ ಬಂದಿತು.

ಜಮ್ಮು ಪ್ರಾಂತದ ರಜೌರಿ ಪಟ್ಟಣ 1947ರ ನವೆಂಬರ್‌ನಲ್ಲೇ ದಾಳಿಕೋರರ ವಶವಾಗಿತ್ತು. ಅಲ್ಲಿ ಆಶ್ರಯ ಪಡೆದಿದ್ದ ಅನೇಕ ಅಮಾಯಕರು ಹತರಾಗಿದ್ದರು. ಆ ಪಟ್ಟಣವನ್ನು ಬಿಡಿಸಿಕೊಳ್ಳಲು 1948ರ ಏಪ್ರಿಲ್ 8ರಂದು ನಮ್ಮ ಸೇನೆ ನೌಶೇರಾದಿಂದ ಹೊರಟಿತು. ಮುಂದೆ ಸಾಗುವ 4ನೆಯ ಡೋಗ್ರಾ ಪಡೆಯ ಕಾಲಾಳುಗಳಿಗೆ ಟ್ಯಾಂಕುಗಳ ಬೆಂಬಲ ಬೇಕು. ಟ್ಯಾಂಕುಗಳಿಗೆ ದಾರಿ ಬೇಕು. ಗುಡ್ಡಗಾಡಿನ ಆ ದಾರಿಯ ತುಂಬ ಶತ್ರುಗಳು ನೆಲಬಾಂಬು ಹೂತು, ಮರ ಕಡಿದು ಕೆಡವಿದ್ದರು. ದಾರಿ ತೆರೆಯುವ ಹೊಣೆ ರಾಣೆಯವರದು.

ಆ ದಿನ ಬೆಳಿಗ್ಗೆ 11 ಗಂಟೆಗೆ ಅವರ ತಂಡದ ಮೇಲೆ ಮಾರ್ಟರ್ ದಾಳಿ ನಡೆಯಿತು. ಇಬ್ಬರು ಸತ್ತರು. ರಾಣೆಯವರೂ ಸೇರಿ ಐವರು ಗಾಯಗೊಂಡರು. ಅವರು ಹಿಂದಿರುಗಬಹುದಿತ್ತು. ಹಿಂದಿರುಗಲಿಲ್ಲ, ಉಳಿದವರನ್ನು ಕೂಡಿಸಿಕೊಂಡು ರಾತ್ರಿ 10 ಗಂಟೆಯವರೆಗೂ ದುಡಿದರು.

ಮರುದಿನ 6 ಗಂಟೆಗೇ ಕೆಲಸ ಆರಂಭ. ಟ್ಯಾಂಕುಗಳಿಗೆ ಬಳಸುದಾರಿ ಸಿದ್ಧವಾದಾಗ ಮಧ್ಯಾಹ್ನ 3 ಗಂಟೆ. ಅನಂತರ ಎಲ್ಲಕ್ಕಿಂತ ಮುಂದಿನ ಕವಚವಾಹನವನ್ನೇರಿ ಹೊರಟರು. ಅಡ್ಡಬಿದ್ದ ಪೈನ್ ಮರಗಳನ್ನು ಸ್ಫೋಟಿಸಿದರು; ಒಡೆದ ಮೋರಿಯ ಪಕ್ಕದಲ್ಲಿ, ಮೆಷಿನ್‌ಗನ್ ಗುಂಡುಗಳ ನಡುವೆಯೇ, ಹೊಸ ದಾರಿ ಮಾಡಿದರು. ಸಂಜೆ ಎದುರಾದದ್ದು ಐದು ದೊಡ್ಡ ಮರಗಳ ತಡೆ, ಸುತ್ತ ನೆಲಬಾಂಬು. ಕತ್ತಲಾದ್ದರಿಂದ ಪಡೆ ತಂಗಿತು. 10ರಂದು ಬೆಳಗಿನ ಜಾವ 4.45ಕ್ಕೆ ರಾಣೆ ಮತ್ತೆ ಅಲ್ಲಿದ್ದರು, 6.30ಕ್ಕೆ ತಡೆ ಇರಲಿಲ್ಲ.

ಅಂದು ಮಧ್ಯಾಹ್ನ ಟ್ಯಾಂಕುಗಳು ಚಿಂಗಸ್ ತಲುಪಿದವು. ಆದರೂ ರಾಣೆಯವರ ಕೆಲಸ ಮುಗಿದಿರಲಿಲ್ಲ. ಹಿಂದೆ ಬರುವ ಸಾಮಗ್ರಿ ವಾಹನಗಳಿಗೂ ರಸ್ತೆ ಬೇಕಲ್ಲವೇ? ಊಟ, ವಿಶ್ರಾಂತಿ ಬಿಟ್ಟು ರಾತ್ರಿ 9ರವರೆಗೆ ದುಡಿದರು. 11ರಂದು ಬೆಳಿಗ್ಗೆ 11ಕ್ಕೆ ಚಿಂಗಸ್‌ವರೆಗೆ ರಸ್ತೆ ತೆರೆದಿತ್ತು. ಅವರು ಮುಂದಿನ ರಸ್ತೆಗೆ ತೊಡಗಿದರು, ಮತ್ತೆ ರಾತ್ರಿ 10ರವರೆಗೆ. 12ರಂದು ರಜೌರಿ ನಮ್ಮ ಕೈಸೇರಿತು.

1947–48ರ ಆ ಯುದ್ಧಕ್ಕಾಗಿ ಐವರಿಗೆ ಪರಮವೀರ ಚಕ್ರ ಸಂದಿತು. ಅದನ್ನು ಬದುಕಿದ್ದು ಪಡೆದವರು ಇಬ್ಬರೇ; ಅವರಲ್ಲಿ ರಾಣೆ ಒಬ್ಬರು. ಮೇಜರ್ ಆಗಿ 1968ರಲ್ಲಿ ನಿವೃತ್ತರಾದ ಅವರು 1994ರಲ್ಲಿ ತೀರಿಕೊಂಡರು. ಕಾರವಾರದ ಕಡಲತೀರದಲ್ಲಿ 2006ರಲ್ಲಿ ಅವರ ಪ್ರತಿಮೆಯ ಅನಾವರಣವಾಯಿತು. 2023ರಲ್ಲಿ ಅಂಡಮಾನಿನ ದ್ವೀಪವೊಂದಕ್ಕೆ ಅವರ ಹೆಸರಿಡಲಾಯಿತು.

ಮಿತ್ರರೇ, ಈ ಕಥೆಯಲ್ಲಿ ಬರುವ ಗಂಟೆಗಳನ್ನು ಮತ್ತೊಮ್ಮೆ ಲೆಕ್ಕಹಾಕಿ ನೋಡಿ. ಒಂದು ಕ್ಷಣದ ಆವೇಶದಲ್ಲಿ ಎದೆಗುಂಡಿಗೆ ತೋರುವವರು ಹಲವರಿರಬಹುದು. ನಿನ್ನೆ ಗಾಯಗೊಂಡ ಜಾಗಕ್ಕೆ ಇಂದು ನಸುಕಿನಲ್ಲಿ ಎದ್ದು, ಇತರರು ನಡೆಯುವ ದಾರಿಗಾಗಿ ಮತ್ತೆ ಹೋಗುವವರು ವಿರಳ. ಕಾರವಾರಕ್ಕೆ ಹೋದಾಗ ಆ ಪ್ರತಿಮೆಯ ಮುಂದೆ ಒಂದು ನಿಮಿಷ ನಿಲ್ಲಿ.