ನದಿಗಳ ಜಮಾಖರ್ಚು

ಮಳೆ ನಿಂತು ತಿಂಗಳುಗಳು ಕಳೆದ ಮೇಲೂ ಹೊಳೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಈ ನೀರು ಬಂದುದೆಲ್ಲಿಂದ? ಮಳೆಯಿಂದಲೇ ಎಂದು ಇಂದು ಶಾಲೆಯ ಬಾಲಕನೂ ಹೇಳಿಯಾನು. ಆದರೆ ಈ ಸುಲಭವಾದ ಉತ್ತರವನ್ನು ಸಪ್ರಮಾಣವಾಗಿ ಪಡೆಯಲು ಯೂರೋಪಿನ ಪಂಡಿತರಿಗೆ ಎರಡು ಸಾವಿರ ವರ್ಷಗಳು ಬೇಕಾದುವು.

ನದಿಗಳಿಗೆ ಮಳೆಯೊಂದೇ ಸಾಲದೆಂಬುದು ಪ್ರಾಚೀನರ ಸಂದೇಹ. ಭೂಗರ್ಭದ ಶೀತದಲ್ಲಿ ವಾಯುವೇ ನೀರಾಗಿ ಒಸರುವುದೆಂದು ಅರಿಸ್ಟಾಟಲನು ಭಾವಿಸಿದನು. ಸಮುದ್ರದ ನೀರು ಸುರಂಗಮಾರ್ಗಗಳಿಂದ ಪರ್ವತಗಳ ಒಡಲಿಗೆ ಏರುವುದೆಂದು ಕಿರ್ಖರನು 1665ರಲ್ಲಿಯೂ ಚಿತ್ರಸಹಿತವಾಗಿ ವರ್ಣಿಸಿದನು. ಇದಕ್ಕೆ ಮುನ್ನವೇ, 1580ರಲ್ಲಿ, ಲ್ಯಾಟಿನ್ ಭಾಷೆಯನ್ನರಿಯದ ಪಾಲಿಸಿ ಎಂಬ ಫ್ರೆಂಚ್ ಕುಂಬಾರನೊಬ್ಬನು ಚಿಲುಮೆಗಳಿಗೆಲ್ಲ ಮಳೆಯೇ ಮೂಲವೆಂದು ಬರೆದಿದ್ದನು. ಕುಂಬಾರನ ಮಾತಿಗೆ ವಿದ್ವಾಂಸರು ಕಿವಿಗೊಡಲಿಲ್ಲ.

ಸೂರ್ಯನು ನೀರನ್ನು ಹೀರಿ ಮಳೆಯಾಗಿ ಹಿಂದಿರುಗಿಸುವನೆಂಬ ಭಾವನೆ ನಮ್ಮವರಿಗೆ ಹೊಸದಲ್ಲ. ಕಾಳಿದಾಸನು ರಘುವಂಶದಲ್ಲಿ ದಿಲೀಪನ ಕರಗ್ರಹಣಕ್ಕೆ ಇದನ್ನೇ ಉಪಮಾನವಾಗಿ ಮಾಡಿದ್ದಾನೆ. ಹೊಸದಾಗಿ ಬಂದುದು ಅಳತೆ. ಆ ಅಳತೆಗೆ ಕೈಯಿಟ್ಟವನೂ ಕಂದಾಯದ ಅಧಿಕಾರಿಯೇ ಆಗಿದ್ದುದು ಕಾಕತಾಳೀಯವಾದರೂ ಸೊಗಸಾಗಿದೆ.

ಅವನು ಪ್ಯಾರಿಸ್ಸಿನ ಪಿಯೇರ್ ಪೆರೋ. ಸಿಂಡ್ರೆಲಾ ಕಥೆಯನ್ನು ಬರೆದ ಶಾರ್ಲ್ ಪೆರೋನ ಅಣ್ಣ. ಸರ್ಕಾರದ ಹಣವನ್ನು ಸ್ವಂತ ಸಾಲಗಳಿಗೆ ಬಳಸಿ 1664ರಲ್ಲಿ ಪದವಿಯನ್ನು ಕಳೆದುಕೊಂಡವನು. ಬಳಿಕ ಅವನು ಸೇನ್ ನದಿಯ ಲೆಕ್ಕಕ್ಕೆ ಕುಳಿತನು. ಮೂರು ವರ್ಷಗಳ ಮಳೆಯ ಸರಾಸರಿಯನ್ನು ಹಿಡಿದನು. ಅದು ಫ್ರೆಂಚ್ ಅಳತೆಯಲ್ಲಿ 19 ಅಂಗುಲಕ್ಕೆ ತುಸು ಹೆಚ್ಚು. ನದಿಯ ಉಗಮಭಾಗದ ಜಲಾನಯನ ಪ್ರದೇಶದ ವಿಸ್ತಾರದಿಂದ ಅದನ್ನು ಗುಣಿಸಿ, ಹೊಳೆಯಲ್ಲಿ ಹರಿದ ನೀರಿನೊಡನೆ ತೂಗಿ ನೋಡಿದನು. ಬಿದ್ದ ಮಳೆಯಲ್ಲಿ ಆರರಲ್ಲೊಂದು ಪಾಲೇ ಹೊಳೆಗೆ ಸಾಕಾಗಿದ್ದಿತು! ಈ ಗ್ರಂಥವು 1674ರಲ್ಲಿ ಕರ್ತೃವಿನ ಹೆಸರಿಲ್ಲದೆ ಪ್ರಕಟವಾಯಿತು.

ಆದರೂ ಮಳೆಯ ನೀರು ನೆಲದೊಳಕ್ಕೆ ಆಳವಾಗಿ ಇಳಿಯುವುದೆಂಬುದನ್ನು ಪೆರೋ ಒಪ್ಪಲಿಲ್ಲ. ಆ ಕೊರತೆಯನ್ನು ಮಾರಿಯೋಟನು ತುಂಬಿದನು. ಪ್ಯಾರಿಸ್ಸಿನ ವೀಕ್ಷಣಾಲಯದ ನೆಲಮಾಳಿಗೆಯಲ್ಲಿ ಜಿನುಗುವ ನೀರು ಮಳೆಯೊಡನೆ ಹೆಚ್ಚಿ ಕುಗ್ಗುವುದನ್ನು ಅವನು ಗಮನಿಸಿದನು. ಉಳಿದ ಪ್ರಶ್ನೆ, ಸಮುದ್ರ ಸೇರಿದ ನೀರು ಏನಾಗುತ್ತದೆಂಬುದು. ಇಂಗ್ಲೆಂಡಿನ ಹ್ಯಾಲಿ 1687ರಲ್ಲಿ ಉಪ್ಪುನೀರಿನ ತಟ್ಟೆಯೊಂದನ್ನು ಬೇಸಗೆಯ ಬಿಸಿಲಿನಷ್ಟೇ ಕಾಯಿಸಿ, ಆವಿಯಾದುದನ್ನು ತೂಗಿದನು. ಮೆಡಿಟರೇನಿಯನ್ ಸಮುದ್ರವು ಬೇಸಗೆಯಲ್ಲಿ ದಿನಕ್ಕೆ 528 ಕೋಟಿ ಟನ್ನು ನೀರನ್ನು ಕಳೆದುಕೊಳ್ಳುವುದೆಂದೂ, ನದಿಗಳು ತರುವುದು ಸುಮಾರು 183 ಕೋಟಿ ಟನ್ನೆಂದೂ ಗುಣಿಸಿದನು. ಅಂಕಿಗಳು ಸ್ಥೂಲವಾದವು; ಆದರೆ ಚಕ್ರವು ಪೂರ್ಣವಾಯಿತು.

ಈ ಲೆಕ್ಕಗಳಿಂದ ನಾವು ಕಲಿಯಬೇಕಾದುದೇನು? ಭೂಮಿಯೊಳಗೆ ಬತ್ತದ ಗುಪ್ತನಿಧಿಯೊಂದುಂಟೆಂಬ ಹಳೆಯ ನಂಬಿಕೆಯನ್ನು ಅವು ಅಳಿಸಿಹಾಕಿದುವು. ನಮ್ಮ ಜಮೆಯೆಲ್ಲವೂ ಮಳೆಯೇ. ಬೇಸಗೆಯ ಹೊಳೆಯಲ್ಲಿ ಹರಿಯುವುದು ನೆಲವು ಹಿಂದೆ ಹೀರಿ ಉಳಿಸಿದ ಮಳೆ. ಆದರೂ ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರದಂತಹ ಸೀಮೆಯಲ್ಲಿ ನಾವು ಕೊಳವೆ ಬಾವಿಗಳನ್ನು ನೂರಾರು ಅಡಿ ಇಳಿಸಿ, ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚಾಗಿ ತೆಗೆಯುತ್ತಿದ್ದೇವೆ. ಪಂಡಿತರು ತ್ಯಜಿಸಿದ ಗುಪ್ತನಿಧಿಯ ನಂಬಿಕೆಯನ್ನು ನಮ್ಮ ನಡತೆ ಇನ್ನೂ ಬಿಟ್ಟಿಲ್ಲ. ಪೂರ್ವಿಕರು ಕಟ್ಟಿದ ಕೆರೆಗಳ ಹೂಳೆತ್ತಿ ಮಳೆಯನ್ನು ನೆಲದಲ್ಲಿ ನಿಲ್ಲಿಸುವುದು ಜಮೆಯನ್ನು ಹೆಚ್ಚಿಸುವ ಮಾರ್ಗ. ಜಮೆಯನ್ನರಿತು ಖರ್ಚು ಮಾಡುವುದು ಅದಕ್ಕಿಂತಲೂ ಮೊದಲಿನ ಕರ್ತವ್ಯ.