ಹಿಂಡಿನ ನಾಯಿ, ಹಿತ್ತಲ ಕೋಳಿ



ಗಜೇಂದ್ರಗಡ ಎಂದ ಕೂಡಲೆ ಇತಿಹಾಸ ಓದುವ ನಿಮಗೆ ನೆನಪಾಗುವುದು 1787ರ ಒಪ್ಪಂದ. ಮರಾಠರಿಗೂ ಟಿಪ್ಪು ಸುಲ್ತಾನನಿಗೂ ನಡೆದಿದ್ದ ಯುದ್ಧವನ್ನು ಮುಗಿಸಿದ ಆ ಒಪ್ಪಂದಕ್ಕೆ ಈ ಊರಿನ ಹೆಸರು ಅಂಟಿಕೊಂಡಿದೆ. ಘೋರ್ಪಡೆ ಮನೆತನ, ಬೆಟ್ಟದ ಮೇಲಿನ ಕೋಟೆ, ಕಾಲಕಾಲೇಶ್ವರನ ಗುಡಿ, ನೇಕಾರರ ಮಗ್ಗ ಇವೆಲ್ಲವನ್ನೂ ನೀವು ಅಲ್ಲಲ್ಲಿ ಓದಿರುತ್ತೀರಿ. ಆದರೆ ಅದೇ ಬೆಟ್ಟದ ಕೆಳಗಿನ ಕಪ್ಪು ನೆಲದಲ್ಲಿ, ಸುಗ್ಗಿ ಮುಗಿದ ಹೊಲದಲ್ಲಿ, ರಾತ್ರಿಯೆಲ್ಲ ಎಚ್ಚರವಿದ್ದ ಒಂದು ಪ್ರಾಣಿಯ ಇತಿಹಾಸವನ್ನು ಯಾವ ಪಠ್ಯಪುಸ್ತಕವೂ ನಿಮಗೆ ಹೇಳಿಲ್ಲ. ಅದು ಕುರಿಹಿಂಡಿನ ನಾಯಿ. ಇಂದು ಅದರ ವಿಷಯವನ್ನೇ ಮಾತಾಡೋಣ. ಅದಕ್ಕೆ ಒಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಗದಗ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಪ್ರಯಾಣ ಮಾಡಿದವರು ಸಂಚಾರಿ ಕುರುಬರ ಹಿಂಡುಗಳನ್ನು ನೋಡಿಯೇ ಇರುತ್ತಾರೆ. ಮುಂದೆ ಕಂಬಳಿ ಹೊದ್ದ ಕುರಿಗಾರ, ಹಿಂದೆ ನೂರಾರು ಕುರಿ, ಕೊನೆಯಲ್ಲಿ ಕುದುರೆಯ ಬೆನ್ನ ಮೇಲೆ ಇಡೀ ಸಂಸಾರ. ಬಸ್ಸಿನ ಕಿಟಕಿಯಿಂದ ನೋಡಿದರೆ ಇಷ್ಟೇ ಕಾಣುತ್ತದೆ. ಸ್ವಲ್ಪ ನಿಂತು ಆ ಗಂಟುಮೂಟೆಯನ್ನು ಗಮನಿಸಿ. ಪಾತ್ರೆಪಗಡೆಗಳ ನಡುವೆ ನಡೆಯಲಾರದ ಎಳೆಯ ಕುರಿಮರಿಗಳಿರುತ್ತವೆ, ಒಂದೆರಡು ಕೋಳಿಗಳಿರುತ್ತವೆ, ಎಷ್ಟೋ ಸಲ ಕಣ್ಣು ಆಗತಾನೇ ಬಿಟ್ಟ ನಾಯಿಮರಿಗಳೂ ಇರುತ್ತವೆ. ಸಂಜೆ ಯಾರದೋ ಹೊಲದಲ್ಲಿ ಹಿಂಡು ಇಳಿಯುತ್ತದೆ. ಕುರಿಯ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದರಿಂದ ಹೊಲದವರು ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುತ್ತಾರೆ. ಸುತ್ತ ಬಲೆ ಕಟ್ಟಿ ಕುರಿ ಕೂಡಿದ ಮೇಲೆ ಮರಿ, ಕೋಳಿ, ಕುನ್ನಿ ಎಲ್ಲವೂ ಒಂದೇ ಅಂಗಳದಲ್ಲಿ ಓಡಾಡುತ್ತವೆ. ಕುನ್ನಿ ಕೋಳಿಯ ಹತ್ತಿರ ಹೋಗಿ ಮೂಸಿದರೆ ಮೂಗಿನ ಮೇಲೆ ಒಂದು ಕುಕ್ಕು ಬೀಳುತ್ತದೆ. ಅದು ಕುಂಯ್‌ಗುಟ್ಟಿ ಹಿಂದೆ ಸರಿಯುತ್ತದೆ. ಪಾಠ ಮುಗಿಯಿತು. ಇಲ್ಲಿ ಕೋಲಿಲ್ಲ, ಬೈಗುಳವಿಲ್ಲ, ಕಲಿಸುತ್ತಿದ್ದೇವೆ ಎಂದು ಯಾರಿಗೂ ಅನ್ನಿಸುವುದೂ ಇಲ್ಲ.

ಆ ನಾಯಿ ಯಾರಿಂದ ಹಿಂಡನ್ನು ಕಾಯಬೇಕು? ತೋಳನಿಂದ. ದಖ್ಖನಿನ ಈ ತೋಳಕ್ಕೆ ವಿಜ್ಞಾನದ ಹೆಸರು ಬಂದದ್ದು 1831ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸೈಕ್ಸ್ ಎಂಬ ಅಧಿಕಾರಿ ದಖ್ಖನ್ ಪ್ರಾಂತದ ಸಸ್ತನಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅದರಲ್ಲಿ ಇದನ್ನು ವರ್ಣಿಸಿದನು. ಕುರಿಗಾರರಿಗೆ ಮಾತ್ರ ಇದರ ಪರಿಚಯಕ್ಕೆ ಯಾವ ಪಟ್ಟಿಯೂ ಬೇಕಿರಲಿಲ್ಲ. ದಟ್ಟ ಕಾಡಲ್ಲ, ಬಯಲು ಹುಲ್ಲುಗಾವಲು ಮತ್ತು ಕುರುಚಲು ಗುಡ್ಡಗಳೇ ಈ ತೋಳದ ಮನೆ. ಕುರಿಯ ಮೇವಿನ ನೆಲವೂ ಅದೇ. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿ ತೋಳ, ಕತ್ತೆಕಿರುಬಗಳು ಇಂದಿಗೂ ಇವೆ. ಆದ್ದರಿಂದ ಹಿಂಡಿನ ನಾಯಿಯ ಕೆಲಸ ಹಳೆಯ ಕಾಲದ ಕಥೆಯೇನಲ್ಲ.

ಇಲ್ಲೊಂದು ವಿಚಿತ್ರವನ್ನು ನಿಮ್ಮ ಗಮನಕ್ಕೆ ತರಬೇಕು. ನಮ್ಮ ನಾಡು ನಾಯಿಯನ್ನು ಮರೆತಿದೆ ಎಂದು ಹೇಳುವಂತಿಲ್ಲ. ಕರ್ನಾಟಕದಲ್ಲಿ ನಾಯಿಗೆ ನಿಲ್ಲಿಸಿದ ವೀರಗಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನದ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳರನ್ನು ಎದುರಿಸಿದನಷ್ಟೆ. ಆ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರ ಎಂಬ ವೀರನಿಗೆ ಏನು ಬೇಕೋ ಕೇಳು ಎಂದಾಗ, ಅವನು ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಬಾರದು ಎಂಬ ಕಟ್ಟಳೆಯೂ ಶಾಸನದಲ್ಲಿದೆ. ಶಾಸನದ ಗೊರವ ಎಂದರೆ ಶೈವ ಅರ್ಚಕ. ಇಂದು ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋದರೆ ಅದೇ ಹೆಸರಿನವರು ಕರಿಯ ಕಂಬಳಿ ತೊಟ್ಟು, ದೇವರ ನಾಯಿಗಳಾಗಿ ಬೊಗಳಿ, ದೋಣಿ ಎಂಬ ಪಾತ್ರೆಗೆ ಬಾಯಿ ಹಚ್ಚಿ ಉಣ್ಣುವುದನ್ನು ನೋಡಬಹುದು. ಕುರಿಗಾರರ ದೈವ ಮೈಲಾರಲಿಂಗನ ಭಕ್ತರಿಗೆ ನಾಯಿಯಾಗುವುದು ಅವಮಾನವಲ್ಲ, ಸೇವೆ.

ಇಷ್ಟಿದ್ದರೂ ಕಲ್ಲಿನಲ್ಲಿ ಹೆಸರು ಉಳಿದದ್ದು ಬೇಟೆಯ ನಾಯಿಗೆ. ನಮ್ಮ ನೆರೆಯ ಮುಧೋಳದ ನಾಯಿಗೂ ಕೀರ್ತಿ ಬಂದದ್ದು ಓಟದಿಂದ, ಬೇಟೆಯಿಂದ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಹೊರಬಂದಿತು. ಕೊಂದ ನಾಯಿಗೆ ಕಥೆಯಿದೆ. ಕೊಲ್ಲಲು ಬಂದದ್ದನ್ನು ಬೊಗಳಿ ಹಿಂದಕ್ಕೆ ಕಳಿಸಿ, ಬೆಳಗಾದ ಮೇಲೆ ಕುರಿಗಳ ನಡುವೆ ಮಲಗಿದ ನಾಯಿಗೆ ಏನು ಕಥೆ? ಆ ರಾತ್ರಿ ಏನೂ ನಡೆಯಲಿಲ್ಲ, ಅಷ್ಟೇ. ಏನೂ ನಡೆಯದ ರಾತ್ರಿಗೆ ಯಾರೂ ಶಾಸನ ಬರೆಸುವುದಿಲ್ಲ. ಕಾವಲು ನಾಯಿ ಇತಿಹಾಸದಿಂದ ಬಿಟ್ಟುಹೋದದ್ದು ಹೀಗೆಂದು ನನ್ನ ಎಣಿಕೆ.

ಇಂಥ ನಾಯಿಯನ್ನು ಸಿದ್ಧಪಡಿಸುವ ಕ್ರಮದ ಒಂದು ಸೊಗಸಾದ ವಿವರಣೆ ನಮಗೆ ಸಿಗುವುದು ಬಹು ದೂರದ ದೇಶದಿಂದ. ಚಾರ್ಲ್ಸ್ ಡಾರ್ವಿನ್ ನಿಮಗೆ ಜೀವವಿಕಾಸದ ಪಾಠದಿಂದ ಗೊತ್ತು. ಬೀಗಲ್ ಹಡಗಿನ ಯಾನದಲ್ಲಿ, 1833ರ ನವೆಂಬರಿನಲ್ಲಿ, ಅವನು ಈಗಿನ ಉರುಗ್ವೆ ದೇಶದ ಬಯಲುಗಳಲ್ಲಿ ಕುದುರೆಯೇರಿ ತಿರುಗುತ್ತಿದ್ದನು. ಮನೆ, ಮನುಷ್ಯ ಯಾವುದೂ ಹತ್ತಿರದಲ್ಲಿ ಕಾಣದ ಕಡೆ, ದೊಡ್ಡ ಕುರಿಹಿಂಡನ್ನು ಒಂದೋ ಎರಡೋ ನಾಯಿಗಳು ತಾವೇ ಕಾಯುತ್ತಿದ್ದವು. ಡಾರ್ವಿನ್ ಬೆರಗಾಗಿ ವಿಚಾರಿಸಿದನು. ಮರಿಯನ್ನು ತೀರ ಎಳೆಯದಿರುವಾಗಲೇ ತಾಯಿಯಿಂದ ಬೇರ್ಪಡಿಸಿ, ದಿನಕ್ಕೆ ಮೂರು ನಾಲ್ಕು ಬಾರಿ ಒಂದು ಕುರಿಯನ್ನು ಹಿಡಿದು ನಿಲ್ಲಿಸಿ ಅದರ ಹಾಲು ಕುಡಿಸುತ್ತಿದ್ದರು. ಕುರಿದೊಡ್ಡಿಯಲ್ಲೇ ಉಣ್ಣೆಯ ಹಾಸಿಗೆ ಮಾಡುತ್ತಿದ್ದರು. ಬೇರೆ ನಾಯಿಗಳ ಜತೆಗಾಗಲಿ, ಮನೆಯ ಮಕ್ಕಳ ಜತೆಗಾಗಲಿ ಆಡಲು ಬಿಡುತ್ತಿರಲಿಲ್ಲ. ಹೀಗೆ ಬೆಳೆದ ನಾಯಿ ದಿನಕ್ಕೊಮ್ಮೆ ಮಾಂಸಕ್ಕಾಗಿ ಮನೆಗೆ ಬರುತ್ತಿತ್ತು. ಆಗ ಮನೆಯ ನಾಯಿಗಳು ಬೆನ್ನು ಹತ್ತಿದರೆ ನಾಚಿಕೊಂಡಂತೆ ಓಡುತ್ತಿತ್ತು. ಆದರೆ ತನ್ನ ಹಿಂಡನ್ನು ಮುಟ್ಟಿದ ಕೂಡಲೆ ತಿರುಗಿ ನಿಂತು ಬೊಗಳುತ್ತಿತ್ತು. ಬೆನ್ನು ಹತ್ತಿ ಬಂದ ಅದೇ ನಾಯಿಗಳು ಈಗ ಬಾಲ ಮುದುರಿ ಓಡುತ್ತಿದ್ದವು! ನಾಯಿ ಅದೇ, ಹಲ್ಲೂ ಅದೇ. ಆದರೂ ಹಿಂಡಿನ ಮುಂದೆ ನಿಂತಾಗ ಅದು ಬೇರೆಯೇ ನಾಯಿ.

ಇದರ ಗುಟ್ಟನ್ನು ವಿಜ್ಞಾನ ಬಿಡಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಅನೇಕ ವರ್ಷ ನಾಯಿಮರಿಗಳನ್ನು ಅಭ್ಯಾಸ ಮಾಡಿ 1965ರಲ್ಲಿ ಪುಸ್ತಕ ಪ್ರಕಟಿಸಿದರು. ಹುಟ್ಟಿದ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಅದು ಯಾರ ಜತೆ ಬೆಳೆಯುತ್ತದೋ ಅವರು ತನ್ನವರು. ಆಮೇಲೆ ಹೊಸಬರನ್ನು ತನ್ನವರೆಂದು ಒಪ್ಪಿಸುವುದು ಬಹಳ ಕಷ್ಟ. ರೇಮಂಡ್ ಕಾಪಿಂಜರ್ ಎಂಬ ಇನ್ನೊಬ್ಬ ವಿಜ್ಞಾನಿ 1970ರ ದಶಕದ ಕೊನೆಯಿಂದ ಯೂರೋಪ್, ತುರ್ಕಿಗಳ ಕುರಿಗಾರರ ನಾಯಿಗಳನ್ನು ಅಮೆರಿಕದ ರೈತರಿಗೆ ಹಂಚಿ ಪರೀಕ್ಷಿಸಿದರು. ಒಳ್ಳೆಯ ಕಾವಲು ನಾಯಿಯಲ್ಲಿ ಅವರು ಹುಡುಕಿದ ಗುಣ ಮೂರು: ಹಿಂಡಿನ ಕಡೆ ಗಮನ, ಹಿಂಡಿಗೆ ಕೇಡು ಮಾಡದ ನಂಬಿಕೆ, ಹೊರಗಿನವರ ಮೇಲೆ ಎಚ್ಚರ. ಸೌಂದರ್ಯ, ಗಾತ್ರ, ಬೆಲೆ ಇವು ಆ ಮೂರರಲ್ಲಿಲ್ಲ ಎಂಬುದನ್ನು ಗಮನಿಸಿ.

ಈಗ ಕೋಳಿಯ ಮಾತಿಗೆ ಬರೋಣ. ಕುರಿ ಕಾಯಲು ಕಲಿಯುವುದಕ್ಕಿಂತ ಕೋಳಿ ಕಾಯಲು ಕಲಿಯುವುದು ನಾಯಿಗೆ ಕಷ್ಟ. ಕುರಿ ಮರಿನಾಯಿಯನ್ನು ಮೂಸುತ್ತದೆ, ಪಕ್ಕದಲ್ಲಿ ಮಲಗಗೊಡುತ್ತದೆ. ಸ್ನೇಹಕ್ಕೆ ಸ್ನೇಹ ಸಿಗುತ್ತದೆ. ಕೋಳಿಯಿಂದ ಅದೇನೂ ಸಿಗುವುದಿಲ್ಲ. ಮೇಲಾಗಿ ಕೋಳಿ ಹೆದರಿದರೆ ರೆಕ್ಕೆ ಬಡಿದು ಕಿರುಚಿ ಓಡುತ್ತದೆ. ನಾಯಿಯ ರಕ್ತದಲ್ಲಿರುವ ಬೇಟೆಗಾರನನ್ನು ಎಬ್ಬಿಸಲು ಅಷ್ಟು ಸಾಕು. ಎಳೆಯ ನಾಯಿ ಕೋಳಿಯನ್ನು ಕೊಲ್ಲುವುದು ಬಹುಮಟ್ಟಿಗೆ ಹಸಿವಿನಿಂದಲ್ಲ, ಆಟದಿಂದ; ಆಟದ ವಸ್ತು ಅಲುಗಾಡದೆ ಹೋದಾಗ ಅದು ಪೆಚ್ಚಾಗಿ ನಿಲ್ಲುತ್ತದೆ.

ಹಾಗಾದರೆ ಹಿತ್ತಲಲ್ಲಿ ಏನು ಮಾಡಬೇಕು? ಮುಧೋಳದಂಥ ಓಟದ ನಾಯಿಯನ್ನು ಈ ಕೆಲಸಕ್ಕೆ ಆರಿಸಬೇಡಿ; ಓಡುವುದನ್ನು ಅಟ್ಟಿಸಿಕೊಂಡು ಹೋಗಲೆಂದೇ ತಲೆಮಾರುಗಳಿಂದ ಅದನ್ನು ಬೆಳೆಸಿದ್ದಾರೆ. ಸಾಧ್ಯವಾದರೆ ಹಿಂಡಿನಲ್ಲಿ ಹುಟ್ಟಿದ, ಎಂಟು ವಾರ ತಾಯಿಯ ಜತೆಗಿದ್ದ ಮರಿಯನ್ನು ತನ್ನಿ. ಡಾರ್ವಿನ್ ಕಂಡಂತೆ ಅದಕ್ಕೂ ಮೊದಲೇ ತಾಯಿಯಿಂದ ಕೀಳುವುದು ಮರಿಯ ಆರೋಗ್ಯಕ್ಕೂ ಸ್ವಭಾವಕ್ಕೂ ಒಳ್ಳೆಯದಲ್ಲ. ಮೊದಲ ಕೆಲವು ವಾರ ಕೋಳಿಗೂಡಿನ ಪಕ್ಕದಲ್ಲೇ, ನಡುವೆ ಒಂದು ಜಾಲರಿ ಇಟ್ಟು, ಅದರ ವಾಸ. ಕೋಳಿಯ ವಾಸನೆ, ಸದ್ದು, ರೆಕ್ಕೆಬಡಿತ ಎಲ್ಲವೂ ದಿನನಿತ್ಯದ ಸಂಗತಿಯಾಗಿ ಬೇಸರ ಬರಬೇಕು. ಬೇಸರವೇ ಇಲ್ಲಿ ಗುರಿ! ಆಮೇಲೆ ಹಗ್ಗ ಹಿಡಿದು, ಗಟ್ಟಿಗಿತ್ತಿಯರಾದ ಹಳೆಯ ಹೇಂಟೆಗಳ ನಡುವೆ ದಿನವೂ ಸ್ವಲ್ಪ ಹೊತ್ತು ಕೂಡಿಸಿ. ದಿಟ್ಟಿಸಿ ನೋಡಿ ಮೈ ಬಿಗಿದರೆ ಮೆಲ್ಲಗೆ ಬೇರೆ ಕಡೆ ತಿರುಗಿಸಿ. ಮುಖ ತಿರುಗಿಸಿ ಮಲಗಿದರೆ ಒಂದು ತುಣುಕು ರೊಟ್ಟಿ. ಹೂಮರಿಗಳ ಹತ್ತಿರ ಬಿಡುವುದು ಎಲ್ಲಕ್ಕಿಂತ ಕೊನೆಗೆ.

ಒಂದು ಎಚ್ಚರಿಕೆ ಮುಖ್ಯ. ನಾಯಿಯ ಊಟ ಕೋಳಿಗೆ ಎಟುಕದ ಜಾಗದಲ್ಲಿರಲಿ. ಅನ್ನದ ತಟ್ಟೆಗೆ ಬಾಯಿ ಹಾಕಲು ಬಂದ ಕೋಳಿಯನ್ನು ಎಷ್ಟೇ ಸಾಧು ನಾಯಿಯೂ ಕಚ್ಚಬಹುದು, ಆ ತಪ್ಪು ನಾಯಿಯದಲ್ಲ. ಹುಚ್ಚುನಾಯಿ ರೋಗದ ಲಸಿಕೆಯನ್ನು ಪಶುವೈದ್ಯರು ಹೇಳಿದ ವಯಸ್ಸಿಗೆ ತಪ್ಪದೆ ಹಾಕಿಸಿ. ಇನ್ನು ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಕಾಲ ನಿಮ್ಮ ವಯಸ್ಸಿನಂಥದು (ಬೇಸರ ಮಾಡಿಕೊಳ್ಳಬೇಡಿ). ಅಲ್ಲಿಯವರೆಗೆ ಒಳ್ಳೆಯದಾಗಿದ್ದ ನಾಯಿ ಒಮ್ಮೆಲೆ ಕೋಳಿಯ ಬೆನ್ನು ಹತ್ತುತ್ತದೆ. ಎಲ್ಲ ಕೆಟ್ಟಿತು ಎಂದು ಜನ ಕೈಬಿಡುವುದು ಆಗಲೇ. ಹಾಗೆ ಬಿಡದೆ, ನೀವು ಹತ್ತಿರವಿಲ್ಲದಾಗ ಕಟ್ಟಿಹಾಕಿ, ಇರುವಾಗ ಮತ್ತೆ ಹಗ್ಗದ ಪಾಠಕ್ಕೆ ಮರಳಬೇಕು. ಸುಮಾರು ಎರಡು ವರ್ಷ ತುಂಬುವವರೆಗೆ ಅದನ್ನೊಂದೇ ಕೋಳಿಗಳೊಡನೆ ಬಿಡಬಾರದು. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿದರೆ ಬುದ್ಧಿ ಬರುತ್ತದೆಂಬ ನಂಬಿಕೆ ಎಷ್ಟೋ ದೇಶಗಳಲ್ಲಿದೆ. ನಾಯಿಗೆ ಅದರಿಂದ ತಿಳಿಯುವುದು ಮನುಷ್ಯ ಕ್ರೂರಿ ಎಂಬುದು ಮಾತ್ರ.

ಇಷ್ಟು ಶ್ರಮ ಪಟ್ಟರೆ ಏನು ಫಲ ಎಂದು ಕೇಳಬಹುದು. ಆಸ್ಟ್ರೇಲಿಯದ ವಾರ್ನಂಬೂಲ್ ಎಂಬ ಊರಿನ ಬಳಿ ಮಿಡ್ಲ್ ಐಲೆಂಡ್ ಎಂಬ ಪುಟ್ಟ ದ್ವೀಪವಿದೆ. ಕಡಲಿನ ನೀರು ಇಳಿದಾಗ ನರಿಗಳು ನಡೆದು ಬಂದು ಅಲ್ಲಿನ ಪುಟ್ಟ ಪೆಂಗ್ವಿನ್‌ಗಳನ್ನು ತಿನ್ನುತ್ತಿದ್ದವು. ನೂರಾರಿದ್ದ ಹಕ್ಕಿಗಳು 2005ರ ಹೊತ್ತಿಗೆ ಹತ್ತಕ್ಕೂ ಕಡಿಮೆಯಾದವು. ಆಗ ಉಪಾಯ ಹೇಳಿದವರು ವಿಜ್ಞಾನಿಗಳಲ್ಲ, ಅಲನ್ ಮಾರ್ಷ್ ಎಂಬ ಕೋಳಿ ಸಾಕುವ ರೈತ. ಅವರ ಕೋಳಿಗಳನ್ನು ನರಿಯಿಂದ ಕಾಯುತ್ತಿದ್ದದ್ದು ಮರೆಮ್ಮಾ ಎಂಬ ಇಟಲಿಯ ಕುರಿನಾಯಿ. ಕೋಳಿ ಕಾಯುವ ನಾಯಿ ಪೆಂಗ್ವಿನ್ ಯಾಕೆ ಕಾಯಬಾರದು ಎಂದು ಅವರು ಕೇಳಿದರು. 2006ರಲ್ಲಿ ನಾಯಿಯನ್ನು ದ್ವೀಪಕ್ಕೆ ಕರೆದೊಯ್ದರು. ಮುಂದಿನ ವರ್ಷಗಳಲ್ಲಿ ಪೆಂಗ್ವಿನ್‌ಗಳ ಸಂಖ್ಯೆ ಮತ್ತೆ ನೂರು ದಾಟಿತು.

ಮೊದಲು ಹೇಳಿದ ಕಾರಣ ಇನ್ನೂ ಬಾಕಿ ಇದೆ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮನೆಗೆ ಒಂದು ಕಂದು ಬಣ್ಣದ ನಾಯಿ ಬಂದಿತು. ಬರುವಾಗ ಅದಕ್ಕೆ ಎಂಟೊಂಬತ್ತು ತಿಂಗಳು. ಅದುವರೆಗೆ ಅದು ಕೋಳಿ ಕಂಡಿತ್ತೋ ಇಲ್ಲವೋ. ಒಂದು ಮಧ್ಯಾಹ್ನ ಅಜ್ಜಿಯ ಕಾವಿನ ಕೋಳಿಯನ್ನು ಅದು ಕೊಂದುಹಾಕಿತು. ತಿಂದಿರಲಿಲ್ಲ. ಪಕ್ಕದಲ್ಲಿ ಕುಳಿತು ಕಾಲಿನಿಂದ ಮೆಲ್ಲಗೆ ಅಲುಗಿಸುತ್ತಿತ್ತು, ಏಳಲಿ ಎಂಬಂತೆ. ನಮ್ಮವರು ಅದನ್ನು ಬಡಿದು, ಗೋಣಿಚೀಲದಲ್ಲಿ ಕಟ್ಟಿ, ಊರಾಚೆ ದೂರ ಬಿಟ್ಟು ಬಂದರು. ಅಂದಿನ ರೂಢಿಯೇ ಹಾಗಿತ್ತು, ಯಾರೂ ತಪ್ಪೆನ್ನಲಿಲ್ಲ. ಅದೇ ಚಳಿಗಾಲದಲ್ಲಿ ನಮ್ಮ ಹೊಲದಲ್ಲಿ ಕುರಿಹಿಂಡು ಇಳಿದಿತ್ತು. ಬುತ್ತಿ ಕೊಡಲು ಹೋದಾಗ ಅವರ ನಾಯಿ ಕೋಳಿಬುಟ್ಟಿಗೆ ಬೆನ್ನು ಹಚ್ಚಿ ಮಲಗಿತ್ತು. ಬುಟ್ಟಿಯ ಮೇಲೆ ಕುಳಿತಿದ್ದ ಹುಂಜ ಅದರ ಬೆನ್ನ ಮೇಲೆ ಇಳಿದು, ಅಲ್ಲಿಂದ ನೆಲಕ್ಕೆ ಹಾರಿತು. ನಾಯಿ ಕಣ್ಣು ತೆರೆದು, ನನ್ನನ್ನು ನೋಡಿ ಒಮ್ಮೆ ಗುರ್ ಎಂದು, ಮತ್ತೆ ಕಣ್ಣು ಮುಚ್ಚಿತು.